ಒಂದು ಸಾಕಿದರೆ ಸಾಲದಾ, ನಾಲ್ಕು ಎಂತಕ್ಕೆ?

ಉಡುಪಿಯ ನಮ್ಮ ಮನೆಗೆ ಬಂದವರು, ಮರದಿಂದ ಮರಕ್ಕೆ ತೇಲಿ ಹೋಗುವ ಪುಟ್ಟ ಪ್ರಾಣಿಗಳಾದ ಶುಗರ್ ಗ್ಲೈಡರ್‌ಗಳ ಗೂಡಿಗೆ ಇಣುಕಿ ಕೇಳುವುದು ಇದೊಂದೇ: "ಒಂದು ಸಾಲದಾ ಮಾರಾಯ್ರೆ, ನಾಲ್ಕು ಎಂತಕ್ಕೆ?" ಕೆಲವರು "ನಮಗೊಂದು ಕೊಡಿ" ಅಂತಲೂ ಕೇಳುತ್ತಾರೆ. ಕೊಡುವುದಿಲ್ಲ. ಇದು ಒಂಟಿಯಾಗಿ ಬದುಕುವ ಪ್ರಾಣಿಯೇ ಅಲ್ಲ. ಒಂದನ್ನೇ ಸಾಕುವ ಯೋಚನೆ ಇದ್ದರೆ ದಯವಿಟ್ಟು ಸಾಕಲೇಬೇಡಿ.

ಇದು ನಮ್ಮ ಘಟ್ಟದ ಹಾರುವ ಅಳಿಲು ಅಲ್ಲ. ಆ ಅಳಿಲಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಗ್ಲೈಡರ್ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದ್ದು, ಕಾಂಗರೂ ಹಾಗೆ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಬೆಳೆಸುತ್ತದೆ. ಕಾಡಿನಲ್ಲಿ ಮರದ ಪೊಟರೆಯೊಳಗೆ ಗುಂಪಾಗಿ ಅಂಟಿಕೊಂಡು ಮಲಗುತ್ತವೆ. ಗಂಡಿನ ನೆತ್ತಿಯಲ್ಲಿ ಕೂದಲಿಲ್ಲದ ಒಂದು ಚೂರು ಜಾಗ ಇರುತ್ತದೆ, ವಾಸನೆ ಹೊರಡುವುದು ಅಲ್ಲಿಂದ. ನಮ್ಮ ಗಂಡು ಅದನ್ನು ಮೂರು ಹೆಣ್ಣುಗಳ ಎದೆಗೆ ಉಜ್ಜುತ್ತಾ ಇರುತ್ತದೆ, ಆಗ ಎಲ್ಲರದ್ದೂ ಒಂದೇ ವಾಸನೆ. ಯಾರು ನಮ್ಮವರು, ಯಾರು ಹೊರಗಿನವರು ಅಂತ ಅವಕ್ಕೆ ಗೊತ್ತಾಗುವುದು ಅದರಿಂದಲೇ.

ಹಾಗಾಗಿಯೇ, ಮಣಿಪಾಲದಿಂದ ಊರು ಬಿಟ್ಟು ಹೊರಟ ಒಂದು ಮನೆಯವರು ತಾವು ಸಾಕಿದ್ದ ಇವನ್ನು ಒಬ್ಬೊಬ್ಬರಿಗೆ ಒಂದೊಂದು ಕೊಡಲು ಹೊರಟಾಗ, ಬೇಡ, ನಾಲ್ಕನ್ನೂ ನಮಗೇ ಕೊಡಿ ಅಂದೆವು.

ಎಷ್ಟು ಮುದ್ದು ಮಾಡಿದರೂ ರಾತ್ರಿ ಎರಡು ಗಂಟೆಗೆ ನೀವು ಅದರ ಜೊತೆ ಇರ್ತೀರಾ? ನಾವು ಮಲಗುವ ಹೊತ್ತಿಗೇ ಅದು ಏಳುವುದು. ಒಂಟಿ ಗ್ಲೈಡರ್ ಮಂಕಾಗುತ್ತದೆ, ಊಟ ಬಿಡುತ್ತದೆ, ಕೂದಲು ಕಿತ್ತುಕೊಳ್ಳುತ್ತದೆ, ಕೆಲವು ತಮ್ಮ ಬಾಲವನ್ನೇ ಕಚ್ಚಿ ಗಾಯ ಮಾಡಿಕೊಳ್ಳುತ್ತವೆ. ಕನ್ನಡಿ, ಗೊಂಬೆ ಇಟ್ಟರೆ ಪ್ರಯೋಜನ ಇಲ್ಲ.

ನಾಲ್ಕಾದರೆ ಕೆಲಸ ನಾಲ್ಕು ಪಟ್ಟು ಅಂತೇನಿಲ್ಲ. ಹತ್ತಿ ಇಳಿಯಲು ಎತ್ತರದ ಗೂಡು ಒಂದಕ್ಕಾದರೂ ಬೇಕೇ ಬೇಕು. ಊಟ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಊಟ ಅಂದರೆ ಬರೀ ಚಿಕ್ಕು, ಬಾಳೆಹಣ್ಣು ಅಲ್ಲ. ಪ್ರೋಟೀನ್ ಬೇಕು, ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂ ಕಡಿಮೆಯಾದರೆ ಮೂಳೆ ಸೊರಗಿ ಹಿಂಗಾಲು ಎಳೆಯಲು ಶುರುವಾಗುತ್ತದೆ. ಚಾಕ್ಲೇಟು, ಈರುಳ್ಳಿ, ಬೆಳ್ಳುಳ್ಳಿ ಮುಟ್ಟಿಸಲೇಬೇಡಿ. ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರಿಗೂ ಇದರ ಅನುಭವ ಇರುವುದಿಲ್ಲ, ತರುವ ಮೊದಲೇ ವಿಚಾರಿಸಿಡಿ. ಗಂಡು ಹೆಣ್ಣು ಒಟ್ಟಿಗಿದ್ದರೆ ಗಂಡಿಗೆ ಆಪರೇಷನ್ ಆಗಿರಬೇಕು. ಹತ್ತು ಹನ್ನೆರಡು ವರ್ಷ ಬದುಕುವ ಜೀವ ಇದು, ಮಕ್ಕಳು ಆಸೆಪಟ್ಟರು ಅಂತ ಸುಮ್ನೆ ತರಬೇಡಿ.

ನಿಜವಾದ ಕಷ್ಟ ನಮ್ಮ ಮಳೆಗಾಲದ್ದು. ಅವು ಮಲಗುವ ಬಟ್ಟೆಚೀಲ ಒಣಗುವುದೇ ಇಲ್ಲ. ಹಾಗಂತ ಬಿಸಿಲು ಬಿದ್ದ ದಿನ ಎಲ್ಲವನ್ನೂ ಒಟ್ಟಿಗೆ ಒಗೆಯುವ ಹಾಗೂ ಇಲ್ಲ, ಗುಂಪಿನ ವಾಸನೆ ಪೂರ್ತಿ ಹೋಗಿಬಿಟ್ಟರೆ ಅವು ಗಲಿಬಿಲಿಯಾಗುತ್ತವೆ. ಅರ್ಧ ಒಗೆದು, ಫ್ಯಾನಿನ ಕೆಳಗೆ ಒಣಗಿಸಿ, ಹೊಲಿಗೆಯಲ್ಲಿ ದಾರ ಬಿಟ್ಟಿದೆಯಾ ಅಂತ ಒಳಗೆ ಬೆರಳಾಡಿಸಿ ನೋಡುತ್ತೇನೆ. ಅಷ್ಟು ಸಣ್ಣ ಉಗುರು ದಾರಕ್ಕೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಒದ್ದಾಡಿ ಕಾಲನ್ನೇ ಮುರಿದುಕೊಳ್ಳಬಹುದು.

ಈಗಾಗಲೇ ಒಂದನ್ನೇ ಸಾಕುತ್ತಿರುವವರು ಜೊತೆಗಾರ ತರುವುದಾದರೆ ನೇರ ಗೂಡಿಗೆ ಬಿಡಬೇಡಿ, ಕಚ್ಚಾಡಿಕೊಳ್ಳುತ್ತವೆ. ಮೊದಲು ಬೇರೆ ಬೇರೆ ಗೂಡು, ನಡುವೆ ಸ್ವಲ್ಪ ಅಂತರ. ಇದರ ಬಟ್ಟೆಚೀಲ ಅದಕ್ಕೆ, ಅದರದ್ದು ಇದಕ್ಕೆ ಬದಲಿಸುತ್ತಾ ಇರಿ. ಕರಕರ ಅಂತ ಸಿಟ್ಟಿನ ಸದ್ದು ಮಾಡುವುದು ನಿಂತ ಮೇಲೆ, ಎರಡಕ್ಕೂ ಹೊಸದಾದ ಜಾಗದಲ್ಲಿ, ನೀವು ಎದುರಿಗೇ ಕೂತು ಒಟ್ಟಿಗೆ ಬಿಡಿ.