'ಸುಮ್ಸುಮ್ನ ಕಡೀತ್ರಿ'
ರಾಯಚೂರು, ಮೇ 12, 2025, ಸೋಮವಾರ

ಸಾಕುನಾಯಿ ಬಾಯಿ ಹಾಕಿದ ಮನೆಯಲ್ಲಿ ಮೊದಲು ಕೇಳುವ ಮಾತು: 'ನಾವೇನೂ ಮಾಡಿಲ್ರಿ, ಮಲ್ಕೊಂಡಿತ್ತು, ಸುಮ್ಸುಮ್ನ ಕಡೀತ್ರಿ.' ಇದರಲ್ಲಿ ಕೆಲಸಕ್ಕೆ ಬರುವ ಪದ ಒಂದೇ, ಮಲ್ಕೊಂಡಿತ್ತು. ಎಲ್ಲಿ, ಕೂಲರ್ ಮುಂದೋ ಮಂಚದ ಕೆಳಗೋ? ಎಬ್ಬಿಸಿದ್ದು ಕೂಗಿಯೋ ಮುಟ್ಟಿಯೋ? ಕೈ ಬಿದ್ದದ್ದು ಕಿವಿಯ ಮೇಲೋ ಸೊಂಟದ ಮೇಲೋ? ಕಚ್ಚುವ ಮುಂಚಿನ ಹತ್ತು ಸೆಕೆಂಡು ಬಿಡಿಬಿಡಿಯಾಗಿ ಸಿಕ್ಕರೆ ಅರ್ಧ ತಪಾಸಣೆ ಮುಗಿದಂತೆ.

ಬೆಳೆದ ನಾಯಿಯ ಗುಣ ಎಂಟು ಹದಿನೈದು ದಿನದಲ್ಲಿ ತಿರುಗಿದ್ದರೆ ತರಬೇತಿಯ ಮಾತು ಎತ್ತಬಾರದು, ಮೊದಲು ಪಶುವೈದ್ಯರು. ಕಿವಿಯ ಸೋಂಕು, ಮುರಿದ ಹಲ್ಲು, ಸವೆದ ಕೀಲು, ಕಾದ ಪರಸಿಯ ಮೇಲೆ ಸುಟ್ಟ ಅಂಗಾಲು, ಯಾವುದಿದ್ದರೂ ಮುಟ್ಟಿದ ಕೈಗೇ ಹಲ್ಲು ಬರುತ್ತದೆ. ಉಣ್ಣಿ ಹತ್ತಿದ ನಾಯಿಗೆ ಜ್ವರದ ಜೊತೆ ಕೀಲುನೋವೂ ಬರಬಹುದು. ಅಂಥ ನಾಯಿಯ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಎಣಿಕೆಯನ್ನೂ ಕೇಳಬೇಕು. ನಾಯಿಯ ಸಹಜ ಮೈಶಾಖ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಈ ಊರಿನ ಮೇ ತಿಂಗಳಲ್ಲಿ ಮಧ್ಯಾಹ್ನ ಅಳೆದರೆ ಬಿಸಿಲು ಯಾವುದು ಜ್ವರ ಯಾವುದು ತಿಳಿಯದು. ಬೆಳಗಿನ ಜಾವ, ನೆರಳಲ್ಲಿ ಮಲಗಿ ಎದ್ದ ಮೇಲೆ ಅಳೆಯಬೇಕು.

ಜೊಲ್ಲು, ನುಂಗಲು ಒದ್ದಾಟ, ಒಡೆದ ದನಿ, ತೂರಾಡುವ ನಡಿಗೆ ಕಂಡರೆ ರೇಬಿಸ್ ಇರಬಹುದೆಂದೇ ನಡೆದುಕೊಳ್ಳಬೇಕು. ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕಿ ಅಪಾಯ ತಂದುಕೊಳ್ಳುವುದು ಇಲ್ಲೇ. ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ. ಸುಣ್ಣ, ಖಾರಪುಡಿ ಹಚ್ಚುವ ರೂಢಿ ಬಿಡಬೇಕು. ರೋಗ ಕಾಣುತ್ತದೋ ಎಂದು ನಾಯಿಯನ್ನು 10 ದಿನ ನೋಡುವುದು ಕಚ್ಚಿಸಿಕೊಂಡವರ ಲಸಿಕೆಯ ಜೊತೆಜೊತೆಗೇ, ಅದು ಮುಗಿಯಲಿ ಎಂದು ಲಸಿಕೆ ತಡೆಹಿಡಿಯುವಂತಿಲ್ಲ.

ರೋಗವಿಲ್ಲ ಎಂದಾದ ಮೇಲೆ ಒಂದು ನೋಟ್‌ಬುಕ್, ಎರಡು ವಾರ, ಪುಟಕ್ಕೆ ಮೂರು ಅಂಕಣ: ಮೊದಲು ಏನಾಯಿತು, ನಾಯಿ ಏನು ಮಾಡಿತು, ಆಮೇಲೆ ಏನಾಯಿತು. ಎರಡನೆಯದರಲ್ಲಿ 'ಸಿಟ್ಟು ಬಂತು' ಎಂದು ಬರೆದರೆ ಪುಟ ದಂಡ. ಕಂಡದ್ದನ್ನು ಬರೆಯಬೇಕು: ತುಟಿ ನೆಕ್ಕಿತು, ಮುಖ ತಿರುಗಿಸಿತು, ಕಣ್ಣಿನ ಬಿಳಿ ಕಂಡಿತು, ಮೈ ಬಿಗಿಹಿಡಿಯಿತು, ಎರಡು ಸೆಕೆಂಡು ಗುರ್ ಎಂದಿತು. ಮನೆಯವರು ಹಗುರವಾಗಿ ತೆಗೆದುಕೊಳ್ಳುವ ಮೂರನೆಯ ಅಂಕಣದಲ್ಲೇ ಹೂರಣ ಇರುವುದು. ಕೊರಿಯರ್ ಹುಡುಗ ಬಂದ, ನಾಯಿ ಬೊಗಳಿತು, ಹುಡುಗ ಹೋದ. ಅವನು ಹೇಗೂ ಹೋಗುವವನೇ. ನಾಯಿಯ ಲೆಕ್ಕದಲ್ಲಿ ಮಾತ್ರ ತಾನು ಓಡಿಸಿದ್ದು, ನಾಳೆ ಇನ್ನಷ್ಟು ಜೋರು. ಗುರ್ ಎಂದಾಗಲೆಲ್ಲ ಏಟು ಬಿದ್ದಿದ್ದರೆ ಅದನ್ನೂ ಬರೆಯಬೇಕು. ಏಟಿನಿಂದ ಗುರ್ ನಿಲ್ಲುತ್ತದೆ, ಹೆದರಿಕೆ ನಿಲ್ಲುವುದಿಲ್ಲ, ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ.

'ಹೆಂಗ ಕಡೀತದ ತೋರಸ್ತೀನಿ ನೋಡ್ರಿ' ಎಂದು ನಾಯಿ ತಿನ್ನುತ್ತಿರುವ ತಟ್ಟೆ ಎಳೆಯಲು ಹೋಗುವವರನ್ನು ಅಲ್ಲೇ ತಡೆಯಬೇಕು. ಕಚ್ಚಿಸಿಕೊಂಡು ನೋಡುವುದು ತಪಾಸಣೆಯಲ್ಲ.

ಹೊರಗಿನವರನ್ನು ಕಂಡರೆ ಆಗದ ನಾಯಿಗೆ ದೂರದ ಅಳತೆ ತೆಗೆಯಬಹುದು, ಬೆಳಗಿನ ಆರೂವರೆಯೊಳಗೆ. ಒಬ್ಬರ ಕೈಯಲ್ಲಿ ಎರಡು ಮೀಟರ್ ಬೆಲ್ಟು, ಕಡಲೆ ಗಾತ್ರದ ಜೋಳದ ರೊಟ್ಟಿ ಚೂರು ಅಥವಾ ಉಪ್ಪು ಹಾಕದೆ ಬೇಯಿಸಿದ ಕೋಳಿ. ಉಳ್ಳಾಗಡ್ಡಿ ಬಿದ್ದ ಪಲ್ಯ ಬೇಡ, ನಾಯಿಗೆ ಅದು ವಿಷ. ಅಪರಿಚಿತರೊಬ್ಬರು ಇಪ್ಪತ್ತು ಮೀಟರ್‌ನಿಂದ ಓರೆಯಾಗಿ, ನಾಯಿಯನ್ನು ದಿಟ್ಟಿಸದೆ, ಎರಡೆರಡು ಹೆಜ್ಜೆ ಬರಬೇಕು. ರೊಟ್ಟಿ ಚೂರು ತಿನ್ನುವುದನ್ನು ನಾಯಿ ಯಾವ ಹೆಜ್ಜೆಗೆ ಬಿಟ್ಟಿತೋ ಅದೇ ಗಡಿ, ಅಲ್ಲಿಗೆ ನಿಲ್ಲಿಸಿ ಹಿಂದೆ ಸರಿಯಬೇಕು. ಬೊಗಳುವವರೆಗೆ ಕಾದರೆ ಅಳತೆ ತಡವಾಯಿತು. ಹಿಂದೆ ಕಚ್ಚಿದ ನಾಯಿಗೆ ಬುಟ್ಟಿಯಂಥ ಬಾಯಿಕುಕ್ಕೆ ಇರಲೇಬೇಕು, ಅದನ್ನೂ ನಾಲ್ಕಾರು ದಿನ ಮೊದಲೇ ರೂಢಿ ಮಾಡಿಸಿ. ಅಂಗಡಿಯಲ್ಲಿ ಸಿಗುವ ಬಟ್ಟೆಯ ಬಿಗಿ ಪಟ್ಟಿ ಹಾಕಿದರೆ ನಾಯಿಗೆ ಬಾಯಿ ತೆರೆದು ತೇಕಲಾಗದು. ಈ ಸೆಕೆಗೆ ಅದು ಜೀವಕ್ಕೇ ಕುತ್ತು.

ಒಂಟಿ ಬಿಟ್ಟರೆ ಬಾಗಿಲು ಕೆರೆಯುವ ನಾಯಿಯ ಮಾತು ಬೇರೆ, ಅಲ್ಲಿ ಮಾಡಿನಲ್ಲಿಟ್ಟ ಮೊಬೈಲೇ ಸಾಕ್ಷಿ. ನಲವತ್ತು ನಿಮಿಷದ ವಿಡಿಯೋ ಸಾಕು. ಅಗಲಿಕೆ ತಾಳದ ನಾಯಿ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಶುರುಮಾಡುತ್ತದೆ, ಅದೂ ನೀವು ಹೋದ ಬಾಗಿಲ ಬಳಿ, ಇಟ್ಟ ತಿಂಡಿಯನ್ನು ಮೂಸದೆ. ಬೇಜಾರಾದ ನಾಯಿ ತಿಂದು, ಒಂದು ನಿದ್ದೆ ತೆಗೆದು, ಆಮೇಲೆ ಚಪ್ಪಲಿಗೆ ಬರುತ್ತದೆ. ವಿಡಿಯೋ ನಡುವೆ ಕರೆಂಟು ಹೋದರೆ ಆ ನಿಮಿಷವನ್ನು ಗುರುತು ಹಾಕಿಡಿ. ಕೂಲರ್ ನಿಂತಾಗ ತಂಪಷ್ಟೇ ಅಲ್ಲ, ಅದರ ಸದ್ದೂ ಹೋಗಿ ಬೀದಿಯ ಸದ್ದೆಲ್ಲ ಒಳಗೆ ಬರುತ್ತದೆ. ಗಲಾಟೆ ಆಗ ಶುರುವಾಗಿದ್ದರೆ ಅದನ್ನು ಒಂಟಿತನದ ಖಾತೆಗೆ ಬರೆಯಬೇಡಿ, ಇನ್ನೊಂದು ದಿನ ಮತ್ತೆ ತೆಗೆಯಿರಿ.