ಯಾವುದರಲ್ಲಿ ಹತ್ತು?

ನಮ್ಮ ಕಾಲೇಜಿನ ಲೈಬ್ರರಿ ಪಕ್ಕದ ಆ ಸಣ್ಣ ಕೋಣೆಗೆ ನಾನು ಮೊದಲ ಸಲ ಹೋದದ್ದು ಯಾರೂ ನೋಡದ ಹಾಗೆ. ಮೊದಲ ಸೆಮಿಸ್ಟರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಹೋಗಿತ್ತು. ಹಾಗಂತ ನನಗೆ ಲೆಕ್ಕ ಬರುವುದಿಲ್ಲ ಎಂದಲ್ಲ. ಶಿರಸಿಯಿಂದ ಒಳಗಿನ ನಮ್ಮೂರ ಶಾಲೆಯಲ್ಲಿ ಸರಾಸರಿ, ಮಧ್ಯಾಂಕ, ಸಂಭವನೀಯತೆ ಎಲ್ಲ ಕಲಿತಿದ್ದೆ. ಕಾಲೇಜಿಗೆ ಬಂದಾಗ ಅವೇ ಮೀನ್, ಮೀಡಿಯನ್, ಪ್ರಾಬಬಿಲಿಟಿ ಆಗಿ ಬಂದವು. ನನಗೆ ಗುರುತೇ ಸಿಗಲಿಲ್ಲ.

ಶನಿವಾರ ಮಧ್ಯಾಹ್ನ ಅಲ್ಲಿ ಮೇಡಂ ಲೆಕ್ಕದ ಕಾರ್ಯಾಗಾರ ನಡೆಸುತ್ತಿದ್ದರು. ಉಳಿದ ದಿನ ಸಂಜೆ ಕೊನೆ ವರ್ಷದವರು ಒಬ್ಬಿಬ್ಬರು ಕೂತಿರುತ್ತಿದ್ದರು. ಯಾರು ಬೇಕಾದರೂ ಹೋಗಿ ಕೇಳಬಹುದಿತ್ತು. ಫೀಸಿಲ್ಲ, ಹಾಜರಿಯಿಲ್ಲ, ಮಾರ್ಕ್ಸೂ ಇಲ್ಲ.

ಮೊದಲ ಶನಿವಾರ ಮೇಡಂ ಬೋರ್ಡಿನ ಮೇಲೆ ಬರೆದ ಲೆಕ್ಕ ಇವತ್ತಿಗೂ ಹಾಗೇ ನೆನಪಿದೆ. ನೂರು ಕೆ.ಜಿ. ಅಡಿಕೆ. ಅದರಲ್ಲಿ ಶೇ 20 ನೀರು. ಅಂಗಳದಲ್ಲಿ ಒಣಗಿಸಿದ ಮೇಲೆ ನೀರು ಶೇ 10ಕ್ಕೆ ಇಳಿಯಿತು. ಈಗ ತೂಕ ಎಷ್ಟು?

ಎಲ್ಲರೂ ಒಟ್ಟಿಗೆ ತೊಂಬತ್ತು ಅಂದೆವು. ಅಡಿಕೆ ತೋಟದ ಮಕ್ಕಳೇ ಜಾಸ್ತಿ ಇದ್ದ ಕ್ಲಾಸು ಅದು.

‘ಸರಿ. ಆ ತೊಂಬತ್ತರಲ್ಲಿ ನೀರು ಎಷ್ಟು ಉಳಿಯಿತು?’

‘ಹತ್ತು ಕೆ.ಜಿ. ಮೇಡಂ.’

‘ತೊಂಬತ್ತರಲ್ಲಿ ಹತ್ತು ಅಂದರೆ ಶೇಕಡಾ ಹತ್ತಾ?’

ಯಾರೂ ಮಾತಾಡಲಿಲ್ಲ. ಅದು ಶೇ 11 ದಾಟುತ್ತದೆ. ಮೇಡಂ ಉತ್ತರ ಹೇಳಲಿಲ್ಲ. ಒಣಗುವಾಗ ಬದಲಾಗದೇ ಉಳಿಯುವುದು ಯಾವುದು ಎಂದಷ್ಟೇ ಕೇಳಿ ಕಿಟಕಿ ಹತ್ತಿರ ಹೋಗಿ ನಿಂತರು. ಹತ್ತು ನಿಮಿಷ ಆಗಿರಬೇಕು. ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ, ನೀರು ಬಿಟ್ಟು ಉಳಿದ 80 ಕೆ.ಜಿ. ಹಾಗೇ ಇರುತ್ತದೆ ಅಂತ. ಆ 80 ಈಗ ಒಟ್ಟು ತೂಕದ ಶೇ 90 ಆಗಬೇಕು. 80ನ್ನು 0.9ರಿಂದ ಭಾಗಿಸಿದರೆ 88.9 ಕೆ.ಜಿ.

ಅವತ್ತು ರಾತ್ರಿ ಇದನ್ನು ಅಪ್ಪಯ್ಯನಿಗೆ ಹೇಳಿದೆ. ವರ್ಷಾ ವರ್ಷಾ ನಲವತ್ತು ದಿನ ಚಾಲಿ, ಅಂದರೆ ಹಣ್ಣಡಿಕೆ, ಒಣಗಿಸುವವನು ಅವನು. ತಲೆ ಎತ್ತದೆ, ‘ನೀರು ಹೋಗ್ತು, ಅಡಕೆ ಎಲ್ಲಿ ಹೋಗ್ತು?’ ಅಂದ. ಮೇಡಂ ಕಿಟಕಿ ಹತ್ತಿರ ನಿಂತು ಕೇಳಿದ್ದೂ ಅದನ್ನೇ ಅಲ್ವಾ!

ಸಂಜೆ ಹೊತ್ತು ನನಗೆ ಹೇಳಿಕೊಡುತ್ತಿದ್ದ ಅಕ್ಕ ಕಾರವಾರದವಳು, ಮೀನುಗಾರರ ಮನೆಯವಳು. ಅವಳದ್ದೊಂದು ನಿಯಮ. ನನ್ನ ಪೆನ್ನು ಅವಳು ಮುಟ್ಟುತ್ತಿರಲಿಲ್ಲ. ‘ನಾನು ಬರೆದರೆ ನನಗೆ ಬರ್ತದೆ ತಂಗಿ, ನಿಂಗೆ ಬರೋದಿಲ್ಲ’ ಅನ್ನುತ್ತಿದ್ದಳು. ತಪ್ಪು ಮಾಡಿದರೆ ತಿದ್ದುತ್ತಲೂ ಇರಲಿಲ್ಲ. ಇಲ್ಲಿವರೆಗೆ ಹೇಗೆ ಬಂದೆ ಹೇಳು, ಅಂತ ಕೇಳುವಳು. ಹೇಳುತ್ತಾ ಹೋದರೆ ಎಲ್ಲಿ ಜಾರಿದೆ ಅಂತ ನನಗೇ ಕಾಣುತ್ತಿತ್ತು. ಎಷ್ಟು ತಾಳ್ಮೆ ಬೇಕು ಇದಕ್ಕೆ! ನಾನು ಈಗ ನನ್ನ ಮಗನಿಗೆ ಹೇಳಿಕೊಡುವಾಗ ಆ ತಾಳ್ಮೆಯ ಬೆಲೆ ಗೊತ್ತಾಗುತ್ತಿದೆ.

ಸ್ಲೋಪ್ ಅರ್ಥವಾಗದೆ ನಾನು ಅಳುವ ಹಾಗಾಗಿದ್ದ ದಿನ ಅವಳು ಪುಸ್ತಕ ಮುಚ್ಚಿಸಿದಳು. ಇವತ್ತು ಬೆಳಿಗ್ಗೆ 6ಕ್ಕೆ ಸಮುದ್ರಕ್ಕೆ ಭರತ ಬಂದರೆ ನಾಳೆ ಸುಮಾರು 6.50ಕ್ಕೆ, ನಾಡಿದ್ದು 7.40ಕ್ಕೆ. ಅಡ್ಡಕ್ಕೆ ದಿನ, ಉದ್ದಕ್ಕೆ ಗಂಟೆ ಹಾಕಿ ಚುಕ್ಕೆ ಇಡು ಅಂದಳು. ಇಟ್ಟೆ. ಗೆರೆ ಓರೆಯಾಗಿ ಮೇಲೆ ಹತ್ತಿತು. ‘ದಿನಕ್ಕೆ 50 ನಿಮಿಷ ಜಾಸ್ತಿ ಆಗ್ತಾ ಹೋಯ್ತಲ್ಲ, ಅದೇ ಸ್ಲೋಪು.’ ಪರೀಕ್ಷೆಯಲ್ಲಿ ರಿಗ್ರೆಶನ್, ಅಂದರೆ ಚುಕ್ಕೆಗಳಿಗೆ ಗೆರೆ ಹೊಂದಿಸುವ ಲೆಕ್ಕ, ಬಂದಾಗ ನನಗೆ ಕಂಡದ್ದು ಕಾರವಾರದ ಕಡಲು.

ಮಳೆಗಾಲದಲ್ಲಿ ಮೇಡಂ ಮಳೆಯನ್ನೇ ಅಳೆಸಿದರು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಗುಂಟೆಗೆ ಸುಮಾರು 101 ಚದರ ಮೀಟರ್. ನೂರು ಮಿಲಿಮೀಟರ್ ಹೊಡೆದ ದಿನ ಗುಂಟೆಗೆ ಹತ್ತು ಸಾವಿರ ಲೀಟರ್, ಎಕರೆಗೆ ನಾಲ್ಕು ಲಕ್ಷ. ತೋಟದ ಬಸಿಗಾಲುವೆಯನ್ನು ನಾನು ಅವತ್ತಿನಿಂದ ಬೇರೆ ಕಣ್ಣಲ್ಲಿ ನೋಡಿದೆ.

ಪೇಪರು ಪಾಸಾಯಿತು, ಡಿಗ್ರಿ ಮುಗಿಯಿತು, ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಹೋದ ತಿಂಗಳು ಒಬ್ಬ ಹುಡುಗ ಹೊರಗೆ ಎಲ್ಲೋ ತೆಗೆಯಲಿದ್ದ ಸಾಲದ ಚೀಟಿ ತಂದಿದ್ದ. ಒಂದು ಲಕ್ಷ, ಒಂದು ವರ್ಷ, ಫ್ಲಾಟ್ ಶೇ 12. ತಿಂಗಳ ಕಂತು 9,333 ರೂಪಾಯಿ. ಹನ್ನೆರಡೇ ಅಲ್ವಾ ಮೇಡಂ, ಅಂದ. ನನ್ನ ಬಾಯಿಗೆ ತಾನಾಗಿ ಬಂತು: ‘ಯಾವುದರಲ್ಲಿ ಹನ್ನೆರಡು?’ ಅಸಲು ತಿಂಗಳು ತಿಂಗಳು ಕರಗುತ್ತದೆ. ಬಡ್ಡಿ ಮಾತ್ರ ಕೊನೆವರೆಗೂ ಪೂರ್ತಿ ಲಕ್ಷಕ್ಕೆ. ಉಳಿದ ಅಸಲಿಗೆ ಲೆಕ್ಕ ಹಾಕಿದರೆ ಶೇ 21ಕ್ಕೂ ಜಾಸ್ತಿ ಬೀಳುತ್ತದೆ. ಪೆನ್ನು ಅವನ ಕೈಗೇ ಕೊಟ್ಟೆ. ಕೌಂಟರಿನ ಮುಂದೆ ಸಾಲು ಬೆಳೆದಿತ್ತು, ಆದರೂ ಕಾದೆ.

ಆ ಕೋಣೆ ಈಗಲೂ ಇದೆ ಅಂತ ಕೇಳಿದೆ, ಖುಷಿಯಾಯಿತು. ದಯವಿಟ್ಟು ಹಳ್ಳಿಯ ಕೊನೆ ಬಸ್ಸು ಹೊರಡುವವರೆಗೂ ಬಾಗಿಲು ತೆರೆದಿಡಿ. ಎರಡನೇ ಮತ್ತು ನಾಲ್ಕನೇ ಶನಿವಾರ ನಮಗೆ ರಜೆ. ಹೇಳಿಕೊಡುವವರು ಬೇಕಿದ್ದರೆ ಒಂದು ಮಾತು ತಿಳಿಸಿ, ಬಂದು ಕೂರುತ್ತೇನೆ. ಪೆನ್ನು ಮಾತ್ರ ಮಕ್ಕಳೇ ತರಲಿ.