ಹತ್ತು ಕೋಟಿ ಮಾರಾಟವಾದ ವೀ ತನ್ನ ಹಳೆಯ ಆಟಗಾರರನ್ನು ಕಳೆದುಕೊಂಡ ಬಗೆ

2006ರ ನವೆಂಬರ್‌ನಲ್ಲಿ ಬಿಡುಗಡೆಯಾದ, ನಿಂಟೆಂಡೊ ಕಂಪನಿಯ ವೀ ಎಂಬ ವಿಡಿಯೊ ಗೇಮ್ ಯಂತ್ರ (ಕನ್ಸೋಲ್) ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು. ಅದೇ ಕಂಪನಿಯ ಹಿಂದಿನ ಕನ್ಸೋಲ್ ಗೇಮ್‌ಕ್ಯೂಬ್ ಎರಡು ಕೋಟಿ ಚಿಲ್ಲರೆಯಲ್ಲೇ ನಿಂತಿತ್ತು. ಆದರೂ ಗೇಮ್‌ಕ್ಯೂಬ್ ಕಾಲದಿಂದ ನಿಂಟೆಂಡೊವನ್ನೇ ನೆಚ್ಚಿಕೊಂಡಿದ್ದ ಅನೇಕ ಆಟಗಾರರು ಕೆಲವೇ ವರ್ಷಗಳಲ್ಲಿ ವೀಯಿಂದ ದೂರ ಸರಿದರು. ಮನೆಮಂದಿಗೆಲ್ಲ ಆಡಲು ಬರುವಂಥ ಹಗುರ ಆಟಗಳೇ ಇದಕ್ಕೆ ಕಾರಣ ಎಂಬ ದೂರು ಆಗಾಗ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ವೀ ಸ್ಪೋರ್ಟ್ಸ್‌ನ ಬೌಲಿಂಗ್ ಆಡಿ ಯಾರೂ ಮುನಿಸಿಕೊಳ್ಳಲಿಲ್ಲ (ಇವತ್ತಿಗೂ ಅದಕ್ಕೆ ಸಾಟಿಯಾದ ಆಟಗಳು ಕಡಿಮೆ); ತಾವು ಕಾಯುತ್ತಿದ್ದ ಆಟಗಳು ಈ ಯಂತ್ರಕ್ಕೆ ಬರುವುದಿಲ್ಲ ಎಂಬುದು ಒಂದೊಂದಾಗಿ ಖಚಿತವಾದಂತೆ ಅವರು ಬೇರೆಡೆಗೆ ಹೋದರು.

ವೀಯ ಒಳಗಿನ ಯಂತ್ರಾಂಶ ಗೇಮ್‌ಕ್ಯೂಬ್‌ನದರ ಸುಧಾರಿತ ರೂಪವಷ್ಟೇ ಆಗಿತ್ತು. ಪ್ರತಿಸ್ಪರ್ಧಿ ಕನ್ಸೋಲ್‌ಗಳಾದ ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3 ಎಚ್‌ಡಿ ಚಿತ್ರ ಕೊಡುತ್ತಿದ್ದಾಗ ವೀಯ ಗರಿಷ್ಠ ಮಿತಿ ಅದಕ್ಕಿಂತ ಕಡಿಮೆ ಸ್ಪಷ್ಟತೆಯ 480ಪಿ. ಅಮೆರಿಕದಲ್ಲಿ ಪ್ಲೇಸ್ಟೇಷನ್ 3ರ ಆರಂಭದ ಬೆಲೆ 500 ಮತ್ತು 600 ಡಾಲರ್ ಇದ್ದಾಗ ವೀ 250 ಡಾಲರ್‌ಗೆ ಸಿಕ್ಕಿದ್ದು ಈ ಉಳಿತಾಯದಿಂದಲೇ. ವ್ಯಾಪಾರದ ದೃಷ್ಟಿಯಿಂದ ಅದು ಜಾಣತನ. ಆದರೆ ಉಳಿದೆರಡು ಕನ್ಸೋಲ್‌ಗಳಿಗೆ ಒಟ್ಟಿಗೆ ಆಟ ತಯಾರಿಸುತ್ತಿದ್ದ ಸ್ಟುಡಿಯೊಗಳು ವೀಗಾಗಿ ಬಹುಮಟ್ಟಿಗೆ ಎಲ್ಲವನ್ನೂ ಬೇರೆಯಾಗಿಯೇ ಕಟ್ಟಬೇಕಾಗುತ್ತಿತ್ತು. ಹೀಗಾಗಿ ಪ್ರಮುಖ ಆಟಗಳು ಅತ್ತ ಹೋದವು, ಅವುಗಳ ಕವಲುಗಳು ಇತ್ತ ಬಂದವು. 2009ರಲ್ಲಿ ರೆಸಿಡೆಂಟ್ ಈವಿಲ್ 5 ಅವೆರಡಕ್ಕೂ ಬಂದಾಗ ವೀ ಪಾಲಿಗೆ ದಕ್ಕಿದ್ದು, ಅದೇ ಸರಣಿಯ, ಕ್ಯಾಮೆರಾ ತಾನೇ ಮುಂದೆ ಸಾಗುತ್ತಾ ಆಟಗಾರ ಬರೀ ಗುರಿಯಿಟ್ಟು ಗುಂಡು ಹಾರಿಸುವ ಡಾರ್ಕ್‌ಸೈಡ್ ಕ್ರಾನಿಕಲ್ಸ್. ಡೆಡ್ ಸ್ಪೇಸ್ ವಿಷಯದಲ್ಲೂ ಹಾಗೆಯೇ ಆಯಿತು. ಗ್ರ್ಯಾಂಡ್ ಥೆಫ್ಟ್ ಆಟೋ 4 ಬರಲೇ ಇಲ್ಲ. ಕಾಲ್ ಆಫ್ ಡ್ಯೂಟಿ 4 ಬಂದದ್ದು ಎರಡು ವರ್ಷ ತಡವಾಗಿ.

ಕೈಚಲನೆಯ ನಿಯಂತ್ರಣವಾದರೂ ಈ ಕೊರತೆಯನ್ನು ತುಂಬಬಹುದಿತ್ತು. ಜೆಲ್ಡಾ ಸರಣಿಯ ಟ್ವೈಲೈಟ್ ಪ್ರಿನ್ಸೆಸ್‌ನಲ್ಲಿ ಕತ್ತಿ ಬೀಸಲು ವೀಯ ರಿಮೋಟ್ ಅಲ್ಲಾಡಿಸಿದರೆ ಸಾಕು. ಕೈ ಎಷ್ಟು ದೂರ, ಯಾವ ಕೋನದಲ್ಲಿ ಬೀಸಿತೆಂಬುದು ಆಟಕ್ಕೆ ಲೆಕ್ಕಕ್ಕಿಲ್ಲ. ಗೇಮ್‌ಕ್ಯೂಬ್‌ನಲ್ಲಿ ಗುಂಡಿ ಒತ್ತಿ ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ಮಣಿಕಟ್ಟು ನೋಯಿಸಿಕೊಳ್ಳಬೇಕಿತ್ತು. ಹೆಚ್ಚಿನ ಆಟಗಾರರು ಬಲಗೈಯಲ್ಲಿ ರಿಮೋಟ್ ಹಿಡಿಯುತ್ತಾರೆಂದು, ಎಡಗೈಯಲ್ಲಿ ಕತ್ತಿ ಹಿಡಿಯುವ ಆಟದ ನಾಯಕ ಲಿಂಕ್‌ನನ್ನು ಬಲಗೈಯವನನ್ನಾಗಿಸಲು ಇಡೀ ಆಟದ ಜಗತ್ತನ್ನೇ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದ್ದರು. ಅಷ್ಟೆಲ್ಲ ಮಾಡಿಯೂ ಕೈಯ ತಿರುವನ್ನು ನಿಖರವಾಗಿ ಗುರುತಿಸುವ ಮೋಷನ್‌ಪ್ಲಸ್ ಬಂದದ್ದು 2009ರಲ್ಲಿ, ಅದೂ ಪ್ರತ್ಯೇಕ ಸಾಧನವಾಗಿ. ಅದನ್ನೇ ನಂಬಿ ರೂಪಿಸಿದ ಜೆಲ್ಡಾ ಆಟ ಸ್ಕೈವರ್ಡ್ ಸ್ವೋರ್ಡ್ ಕೈಗೆ ಸಿಗುವ ಹೊತ್ತಿಗೆ 2011ರ ನವೆಂಬರ್ ಆಗಿತ್ತು.

ಆನ್‌ಲೈನ್ ಆಟದ ಪಾಡು ಬೇರೆ. ಗೆಳೆಯರೊಬ್ಬರೊಡನೆ ಮಾರಿಯೊ ಕಾರ್ಟ್ ಆಡಬೇಕಿದ್ದರೆ ಹನ್ನೆರಡು ಅಂಕಿಗಳ ಫ್ರೆಂಡ್ ಕೋಡನ್ನು ಇಬ್ಬರೂ ಪರಸ್ಪರ ನಮೂದಿಸಬೇಕಿತ್ತು. ಸ್ಮ್ಯಾಶ್ ಬ್ರದರ್ಸ್ ಆಡಬೇಕೆಂದರೆ ಅದಕ್ಕೆ ಮತ್ತೊಂದು ಕೋಡ್. ಮಕ್ಕಳ ಸುರಕ್ಷತೆಗೆಂದು ಹೆಣೆದ ಈ ವ್ಯವಸ್ಥೆಯನ್ನು ಬೆಳೆದವರೂ ಸಹಿಸಿಕೊಳ್ಳಬೇಕಾಯಿತು. ಒಳಗಿನ ಸಂಗ್ರಹ 512 ಎಂಬಿ ಮಾತ್ರ ಇದ್ದುದರಿಂದ ಹೆಚ್ಚು ಆಟಗಳನ್ನು ಡೌನ್‌ಲೋಡ್ ಮಾಡಿಕೊಂಡವರಿಗೇ ಹೆಚ್ಚು ಕಷ್ಟ.

ನಿಂಟೆಂಡೊ ಸ್ವತಃ ಮಾಡಿದ ಆಟಗಳ ಬಗ್ಗೆ ನನ್ನ ತಕರಾರಿಲ್ಲ. ಎರಡೂ ಸೂಪರ್ ಮಾರಿಯೊ ಗ್ಯಾಲಕ್ಸಿಗಳು ಆ ಪೀಳಿಗೆಯ ಅತ್ಯುತ್ತಮ ಆಟಗಳ ಸಾಲಿಗೆ ಸೇರುತ್ತವೆ. ಆದರೆ ಅಂಥ ಎರಡು ಆಟಗಳ ನಡುವಿನ ತಿಂಗಳುಗಳನ್ನು ತುಂಬಲು ಬೇರೆಯವರು ಇರಲಿಲ್ಲ. ಝೀನೋಬ್ಲೇಡ್ ಕ್ರಾನಿಕಲ್ಸ್ ಎಂಬ ವೀ ಆಟ ಜಪಾನಿನಲ್ಲಿ 2010ರಲ್ಲೇ ಬಂದಿದ್ದರೂ ಉತ್ತರ ಅಮೆರಿಕದಲ್ಲಿ ಅದರ ಸುಳಿವಿರಲಿಲ್ಲ. 2011ರಲ್ಲಿ ಅಲ್ಲಿನ ಅಭಿಮಾನಿಗಳು ಅದನ್ನೂ ಇನ್ನೆರಡು ಆಟಗಳನ್ನೂ ತರಬೇಕೆಂದು ಆಪರೇಷನ್ ರೈನ್‌ಫಾಲ್ ಎಂಬ ಅಭಿಯಾನವನ್ನೇ ನಡೆಸಿದರು. ಉಳಿದುಕೊಂಡಿದ್ದ ನಿಷ್ಠಾವಂತರು ತಮ್ಮ ಕನ್ಸೋಲ್‌ಗೆ ಆಟ ಕೊಡಿ ಎಂದು ಅದರ ತಯಾರಕರಲ್ಲೇ ಅಂಗಲಾಚಬೇಕಾಗಿ ಬಂತು! ಆಟ ಅವರ ಕೈಸೇರಿದ್ದು 2012ರ ಏಪ್ರಿಲ್‌ನಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಬಂದ, ವೀಯ ಮುಂದಿನ ಕನ್ಸೋಲ್ ವೀ ಯುವಿನತ್ತ ಬೌಲಿಂಗ್ ಆಡಿದ್ದ ಕೋಟಿಗಟ್ಟಲೆ ಜನರಲ್ಲಿ ಹೆಚ್ಚಿನವರು ತಿರುಗಿ ನೋಡಲಿಲ್ಲ, ದೂರವಾಗಿದ್ದ ಹಳಬರಲ್ಲೂ ಬಹುಪಾಲು ಮಂದಿ ಮರಳಲಿಲ್ಲ. ಅದರ ಒಟ್ಟು ಮಾರಾಟ 1.36 ಕೋಟಿಯನ್ನೂ ದಾಟಲಿಲ್ಲ.